ಸಾಂತೋ ದೊಮಿಂಗೊದ ಹಳೆಯ ನಗರ: ಕಲ್ಲುಗಳೂ ಒಂದು ಧ್ವನಿಯೂ

ದೇವಾಲಯದ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಅಡಿಗಲ್ಲು ಹಾಕಿದ ದಿನ, ಗೋಪುರ ಎದ್ದ ವರ್ಷ, ಗಂಟೆ ಬಂದ ಊರು, ಇವುಗಳಿಂದ ಪ್ರಾರಂಭಿಸುತ್ತಾರೆ. ಅದು ಯುಕ್ತವೇ. ಕಲ್ಲು ಸುಣ್ಣಗಳಿಲ್ಲದೆ ಆಲಯವಿಲ್ಲ. ಆದರೆ ಆ ಆಲಯದ ಪ್ರಸಂಗಪೀಠದಿಂದ ಯಾವ ಮಾತು ಹೊರಟಿತು, ಕೇಳಿದವರು ಏನು ಮಾಡಿದರು ಎಂಬುದನ್ನು ಬರೆಯದೆ ಹೋದರೆ ಇತಿಹಾಸವು ಅರ್ಧವಾಗಿಯೇ ಉಳಿಯುತ್ತದೆ. ಈ ಮಾತಿಗೆ ನಿದರ್ಶನವಾಗಿ ಬಹುದೂರದ ಒಂದು ನಗರವನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ. ಅದು ಕೆರಿಬಿಯನ್ ಸಮುದ್ರದ ದಂಡೆಯಲ್ಲಿರುವ ಸಾಂತೋ ದೊಮಿಂಗೊ, ಡೊಮಿನಿಕನ್ ಗಣರಾಜ್ಯದ ರಾಜಧಾನಿ. ಅಲ್ಲಿನ ಹಳೆಯ ವಸಾಹತು ನಗರವು ೧೯೯೦ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪ್ರಪಂಚದ ನಾನಾ ಕಡೆಗಳಿಂದ ಪ್ರವಾಸಿಗರು ಅದನ್ನು ನೋಡಲು ಬರುತ್ತಾರೆ.

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಸಂಚಿಕೆಯಲ್ಲಿ ಅಷ್ಟು ದೂರದ ಊರಿನ ವೃತ್ತಾಂತವೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ನೂರು ವರ್ಷಗಳ ನಮ್ಮ ಆಲಯದ ಎದುರಿಗೆ ಸುಮಾರು ಐದು ನೂರು ವರ್ಷಗಳ ಆಲಯವೊಂದನ್ನು ಇಟ್ಟು ನೋಡಿದರೆ ನಾವು ಕಲಿಯಬೇಕಾದದ್ದು ಕಾಣುತ್ತದೆ. ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಆ ನಗರ ಕಟ್ಟಲು ಬೆವರನ್ನೂ ಪ್ರಾಣವನ್ನೂ ತೆತ್ತ ಜನರನ್ನು ಜಗತ್ತು ಕರೆದದ್ದು ನಮ್ಮ ಹೆಸರಿನಿಂದ.

ಹೆಸರು ನಮ್ಮದು, ಸಂಕಟ ಅವರದು

ಕ್ರಿಸ್ಟೋಫರ್ ಕೊಲಂಬಸ್ ೧೪೯೨ರಲ್ಲಿ ಪಶ್ಚಿಮಕ್ಕೆ ಹಡಗು ಬಿಟ್ಟದ್ದು ಏಷ್ಯಾ ಖಂಡದ ಸಂಪತ್ತಿನ ನಾಡುಗಳನ್ನು ಮುಟ್ಟುವ ಆಸೆಯಿಂದ ಎಂಬುದನ್ನು ಶಾಲಾಬಾಲಕರೂ ಬಲ್ಲರು. ದಾರಿಯಲ್ಲಿ ಬೇರೊಂದು ಭೂಖಂಡವೇ ಅಡ್ಡಲಾಗಿದೆಯೆಂಬುದು ಅವನಿಗೆ ತಿಳಿಯದು. ಆದುದರಿಂದ ಎದುರಾದ ಜನರೆಲ್ಲ ಅವನಿಗೆ 'ಇಂಡಿಯ'ದವರಾದರು. ಆ ವರ್ಷದ ಡಿಸೆಂಬರಿನಲ್ಲಿ ಅವನು ಕಾಲಿಟ್ಟ ದೊಡ್ಡ ದ್ವೀಪಕ್ಕೆ ಎಸ್ಪನ್ಯೋಲ ಎಂದು ಹೆಸರಾಯಿತು. ಅಲ್ಲಿ ವಾಸವಾಗಿದ್ದವರು ತೈನೋ ಎಂಬ ಜನ. ೧೪೯೪ರ ಮೂರು ರಾಯರ ಹಬ್ಬದ ದಿನ ಇದೇ ದ್ವೀಪದ ಉತ್ತರ ತೀರದ ಇಸಬೆಲ ಎಂಬಲ್ಲಿ ಆ ಹೊಸ ಜಗತ್ತಿನ ಪ್ರಥಮ ಬಲಿಪೂಜೆ ನಡೆಯಿತೆಂದು ಧರ್ಮಸಭೆಯ ಇತಿಹಾಸಕಾರರು ಹೇಳುತ್ತಾರೆ. ನಿಜವಾದ ಇಂಡಿಯದ ಕಲ್ಲಿಕೋಟೆಯನ್ನು ವಾಸ್ಕೋ ಡ ಗಾಮನು ಮುಟ್ಟಿದ್ದು ೧೪೯೮ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಹೆಸರು ಹೊತ್ತವರ ಸಂಕಟ ಆಗಲೇ ಆರಂಭವಾಗಿತ್ತು.

ಆ ಜನರ ಭಾಷೆ ಇಂದು ಯಾರ ಮನೆಯ ಮಾತೂ ಆಗಿ ಉಳಿದಿಲ್ಲ. ಆದರೂ ಅದರ ಕೆಲವು ಮಾತುಗಳು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಹಡಗುಗಳನ್ನೇರಿ ನಮ್ಮ ಅಡುಗೆಮನೆಯವರೆಗೂ ಬಂದಿವೆ. ಕರಾವಳಿಯ ನಮ್ಮ ಬಂಧುಗಳು ಆಲೂಗಡ್ಡೆಯನ್ನು ಬಟಾಟೆ ಎನ್ನುತ್ತಾರೆ. ಆ ಮಾತಿನ ಬೇರು ಆ ದ್ವೀಪಗಳ ಗೆಣಸಿನ ಹೆಸರಿನಲ್ಲಿದೆ. ತಂಬಾಕು ಎಂಬ ಹೆಸರನ್ನೂ ಅದೇ ಮೂಲಕ್ಕೆ ಒಯ್ಯುವವರುಂಟು. ಹೀಗೆ ದಿನನಿತ್ಯವೂ ನಾವು ಅವರ ಮಾತನ್ನು ಆಡುತ್ತಿದ್ದೇವೆ, ಅವರನ್ನು ಮಾತ್ರ ಅರಿಯೆವು.

ನದಿಯ ದಡದಿಂದ ಅರಮನೆಯವರೆಗೆ

ಈಗ ವಾಚಕರು ನಮ್ಮೊಡನೆ ಆ ಹಳೆಯ ನಗರದ ಬೀದಿಗಳಲ್ಲಿ ಮನಸ್ಸಿನಿಂದಲೇ ಸಂಚರಿಸಲಿ. ಒಸಾಮ ನದಿಯು ಸಮುದ್ರವನ್ನು ಸೇರುವ ಕಡೆ ಈ ಊರು ಇದೆ. ಹದಿನೈದನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕೊಲಂಬಸನ ತಮ್ಮ ಬಾರ್ತೊಲೊಮೆಯು ಅದನ್ನು ಸ್ಥಾಪಿಸಿದ್ದು ನದಿಯ ಪೂರ್ವದ ದಡದಲ್ಲಿ. ೧೫೦೨ರಲ್ಲಿ ಭಯಂಕರ ಚಂಡಮಾರುತ ಬೀಸಿತು. ಬಿರುಗಾಳಿ ಬರಲಿದೆ, ಹಡಗುಗಳನ್ನು ತಡೆಯಿರಿ ಎಂದು ಕೊಲಂಬಸನೇ ಎಚ್ಚರಿಕೆ ಹೇಳಿಕಳುಹಿಸಿದ್ದರೂ ಹೊಸ ರಾಜ್ಯಪಾಲ ನಿಕೊಲಾಸ್ ದೆ ಒವಾಂದೊ ಅದನ್ನು ಲೆಕ್ಕಿಸಲಿಲ್ಲ. ಚಿನ್ನ ತುಂಬಿಕೊಂಡು ಸ್ಪೇನಿಗೆ ಹೊರಟ ಹಡಗುಗಳಲ್ಲಿ ಹೆಚ್ಚಿನವು ಮುಳುಗಿದವು. ಮರ ಹುಲ್ಲುಗಳ ಊರು ನೆಲಸಮವಾಯಿತು. ಆಗ ಒವಾಂದೊ ಊರನ್ನು ಪಶ್ಚಿಮದ ದಡಕ್ಕೆ ವರ್ಗಾಯಿಸಿ, ನೂಲು ಹಿಡಿದಂತೆ ನೇರವಾದ ಬೀದಿಗಳನ್ನು ಹಾಕಿಸಿ, ಕಲ್ಲಿನಲ್ಲಿ ಕಟ್ಟತೊಡಗಿದನು. ಸ್ಪೇನಿನವರು ಅಮೆರಿಕದಲ್ಲಿ ತರುವಾಯ ಕಟ್ಟಿದ ಊರುಗಳಿಗೆ ಇದೇ ಮಾದರಿಯಾಯಿತು.

ನದಿಯನ್ನು ಕಾಯುವಂತೆ ನಿಂತಿರುವುದು ಒಸಾಮದ ಕೋಟೆ. ಅದರ ಚೌಕ ಬುರುಜಿನ ಕೆಲಸ ಒವಾಂದೊನ ಕಾಲದಲ್ಲಿಯೇ ಪ್ರಾರಂಭವಾಯಿತು. ಕೋಟೆಯ ಬಾಗಿಲಿನಿಂದ ಉತ್ತರಕ್ಕೆ ಹೋಗುವ ಬೀದಿಗೆ 'ಮಹಿಳೆಯರ ಬೀದಿ' ಎಂದು ಹೆಸರು. ಕೊಲಂಬಸನ ಮಗ ದಿಯೇಗೊ ರಾಜ್ಯಪಾಲನಾಗಿ ೧೫೦೯ರಲ್ಲಿ ಬಂದಾಗ, ಅವನ ಪತ್ನಿ ಮರಿಯಾ ದೆ ತೊಲೇದೊಳೊಡನೆ ಬಂದ ಕುಲೀನ ಸ್ತ್ರೀಯರಿಂದ ಆ ಹೆಸರು ಬಂತು. ಬೀದಿಯ ಒಂದು ಮಗ್ಗುಲಲ್ಲಿ ಯೇಸುಸಭೆಯವರ ಹಳೆಯ ದೇವಾಲಯವಿದೆ. ೧೯೫೬ರಲ್ಲಿ ಅದನ್ನು ರಾಷ್ಟ್ರವೀರರ ಸಮಾಧಿ ಮಂದಿರವಾಗಿ ಮಾರ್ಪಡಿಸಲಾಯಿತು. ಅಲ್ಲಿಂದ ಮುಂದೆ ರಾಜ ಕಚೇರಿಯ ಕಟ್ಟಡವಿದ್ದು, ಈಗ ವಸ್ತುಸಂಗ್ರಹಾಲಯವಾಗಿದೆ. ಅದರ ಎದುರಿಗೆ ಅಧಿಕಾರಿಗಳು ಕಿಟಕಿಯಿಂದಲೇ ಹೊತ್ತು ನೋಡಲೆಂದು ೧೭೫೩ರಲ್ಲಿ ನೆಟ್ಟ ನೆರಳು ಗಡಿಯಾರ ಇಂದಿಗೂ ಇದೆ.

ಬೀದಿ ಮುಗಿಯುವಲ್ಲಿ ವಿಶಾಲವಾದ ಅಂಗಳ, ಅದರ ಅಂಚಿನಲ್ಲಿ ದಿಯೇಗೊನ ಅರಮನೆ. ಕಮಾನುಗಳ ಎರಡಂತಸ್ತಿನ ಆ ಸುಂದರ ಕಟ್ಟಡ ಬಹುಕಾಲ ಪಾಳುಬಿದ್ದಿದ್ದು, ೧೯೫೦ರ ದಶಕದಲ್ಲಿ ಜೀರ್ಣೋದ್ಧಾರಗೊಂಡಿತು. ಪ್ರವಾಸಿಗರು ಇಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ. ಆದರೆ ಕಮಾನುಗಳನ್ನು ನೋಡುವಾಗ ಕಲ್ಲನ್ನು ಹೊತ್ತ ಹೆಗಲುಗಳನ್ನೂ ನೆನೆಯಬೇಕು. ನಮ್ಮ ನಾಡಿನಲ್ಲಿ ಅರಸರು ಮೆಚ್ಚಿದವರಿಗೆ ಭೂಮಿಯನ್ನು ಉಂಬಳಿ ಕೊಡುತ್ತಿದ್ದರು. ಅಲ್ಲಿ ಮನುಷ್ಯರನ್ನೇ ಉಂಬಳಿ ಕೊಟ್ಟರು. ಇಂಥ ಸ್ಪೇನಿನವನಿಗೆ ಇಷ್ಟು ಮಂದಿ ಎಂದು ತೈನೋ ಜನರನ್ನು ಹಂಚಲಾಯಿತು. ಅವರಿಗೆ ಧರ್ಮೋಪದೇಶ ಕೊಡಿಸುವುದು, ಅವರನ್ನು ಕಾಪಾಡುವುದು ಯಜಮಾನನ ಕರ್ತವ್ಯವೆಂದು ಕಾಗದದಲ್ಲಿ ಬರೆದಿತ್ತು. ನಡೆದದ್ದು ಮಾತ್ರ ಬಿಟ್ಟಿ ಚಾಕರಿ. ತಿಂಗಳುಗಟ್ಟಲೆ ಚಿನ್ನದ ಗಣಿಗಳಲ್ಲಿ ದುಡಿದು, ಹೊಲ ಬಿತ್ತಲಾರದೆ, ಹಸಿವಿನಿಂದಲೂ ರೋಗದಿಂದಲೂ ಅವರು ಸತ್ತರು. ೧೫೧೪ರ ಹಂಚಿಕೆಯ ಲೆಕ್ಕಕ್ಕೆ ಇಡೀ ದ್ವೀಪದಲ್ಲಿ ಸಿಕ್ಕವರು ಸುಮಾರು ೨೬,೦೦೦ ಮಂದಿ. ೧೫೧೮ರ ಕೊನೆಯಲ್ಲಿ ಸಿಡುಬು ಬಂದು ಉಳಿದವರನ್ನೂ ಬಾಚಿಕೊಂಡಿತು.

ಆಸ್ಪತ್ರೆಯೂ ಮಠವೂ

ಒಂದೇ ಕೈ ಎರಡು ಬಗೆಯ ಕೆಲಸ ಮಾಡುವುದುಂಟು. ೧೫೦೩ರಲ್ಲಿ ಒವಾಂದೊ ಬಡರೋಗಿಗಳಿಗಾಗಿ ಸಂತ ನಿಕೊಲಾಸರ ಹೆಸರಿನ ಆಸ್ಪತ್ರೆಯನ್ನು ಸ್ಥಾಪಿಸಿದನು. ಆ ಸೀಮೆಗಳಲ್ಲಿ ಯೂರೋಪಿನವರು ಸ್ಥಾಪಿಸಿದ ಆಸ್ಪತ್ರೆಗಳಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧಿ. ಅದರ ಕಮಾನುಗಳ ಅವಶೇಷಗಳಲ್ಲಿ ಈಗ ಪಾರಿವಾಳಗಳು ಗೂಡುಕಟ್ಟಿವೆ. ಅದೇ ಒವಾಂದೊ ಹರಾಗ್ವ ಸೀಮೆಯ ತೈನೋ ಮುಖಂಡರನ್ನು ಅತಿಥಿಗಳಂತೆ ಸೇರಿಸಿ ಕೊಲ್ಲಿಸಿದನು. ಅವರ ರಾಣಿ ಅನಕಾವೋನಳನ್ನು ಗಲ್ಲಿಗೇರಿಸಿದನು. ಆಸ್ಪತ್ರೆಯೂ ಗಲ್ಲುಗಂಬವೂ ಒಬ್ಬನ ಆಳ್ವಿಕೆಯಲ್ಲಿಯೇ ಎದ್ದವು ಎಂಬುದನ್ನು ನಾವು ಮುಚ್ಚಿಡಬಾರದು.

ಸ್ವಲ್ಪ ಎತ್ತರದಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮಠದ ಪಾಳುಗೋಡೆಗಳಿವೆ. ಅಲೋನ್ಸೊ ದೆ ಒಹೇದ ಎಂಬ ಕ್ರೂರಿಯಾದ ದಳಪತಿ ತನ್ನ ಕೊನೆಗಾಲದಲ್ಲಿ ಪಶ್ಚಾತ್ತಾಪಪಟ್ಟು, ಆಲಯಕ್ಕೆ ಬರುವವರೆಲ್ಲರೂ ತನ್ನನ್ನು ತುಳಿದುಕೊಂಡೇ ಒಳಗೆ ಹೋಗಲಿ ಎಂದು ಹೊಸ್ತಿಲಲ್ಲಿಯೇ ತನ್ನನ್ನು ಹೂಳಿಸಿಕೊಂಡನೆಂಬ ಪ್ರತೀತಿ ಅಲ್ಲಿದೆ. ಕತ್ತಿಯ ಬಲದಿಂದ ಮೆರೆದವನೊಬ್ಬ ಕೊನೆಗೆ ಕೇಳಿಕೊಂಡದ್ದು ಬಡವರ ಪಾದಧೂಳಿಯನ್ನು.

ಅಮೆರಿಕದ ಹಿರಿಯ ಪ್ರಧಾನಾಲಯ

ಹಳೆಯ ನಗರದ ಹೃದಯಭಾಗದಲ್ಲಿ ದೇವಮಾತೆಯ ಹೆಸರಿನ ಪ್ರಧಾನಾಲಯವಿದೆ. ೧೫೧೧ರಲ್ಲಿ ಪೋಪ್ ಎರಡನೆಯ ಜೂಲಿಯಸರು ಸಾಂತೋ ದೊಮಿಂಗೊವನ್ನು ಧರ್ಮಕ್ಷೇತ್ರವನ್ನಾಗಿ ಮಾಡಿದರು. ಪ್ರಧಾನಾಲಯದ ನಿರ್ಮಾಣವು ಇಟಲಿಯಿಂದ ಬಂದ ಪಂಡಿತ ಧರ್ಮಾಧ್ಯಕ್ಷ ಅಲೆಸ್ಸಾಂದ್ರೊ ಜೆರಾಲ್ದಿನಿಯವರ ಕಾಲದಲ್ಲಿ ಚುರುಕುಗೊಂಡು, ೧೫೪೦ರ ಹೊತ್ತಿಗೆ ಪೂರ್ಣವಾಯಿತು. ೧೫೪೬ರಲ್ಲಿ ಮೂರನೆಯ ಪೌಲರು ಅದನ್ನು ಮಹಾಧರ್ಮಕ್ಷೇತ್ರದ ಪದವಿಗೆ ಏರಿಸಿದರು. ಅಮೆರಿಕದಲ್ಲಿ ಇಂದು ಉಳಿದಿರುವ ಪ್ರಧಾನಾಲಯಗಳಲ್ಲಿ ಇದೇ ಅತಿ ಹಳೆಯದು. ಹೊನ್ನಿನ ಛಾಯೆಯ ಹವಳದ ಸುಣ್ಣಕಲ್ಲು, ಒಳಗೆ ಗೋಥಿಕ್ ಶೈಲಿಯ ಮೇಲ್ಕಟ್ಟು, ಹೊರಗೆ ಅಕ್ಕಸಾಲಿಗರ ಕುಸುರಿಯನ್ನು ನೆನಪಿಗೆ ತರುವ ಕೆತ್ತನೆಯ ಜೋಡಿ ಬಾಗಿಲು, ಇವೆಲ್ಲ ನೋಡತಕ್ಕವೇ.

ಈ ಆಲಯವೂ ಕಷ್ಟಗಳನ್ನು ಕಂಡಿದೆ. ೧೫೮೬ರ ಜನವರಿಯಲ್ಲಿ ಆಂಗ್ಲರ ಫ್ರಾನ್ಸಿಸ್ ಡ್ರೇಕ್ ಊರನ್ನು ಹಿಡಿದು, ಸುಲಿದು, ಬೀದಿ ಬೀದಿಯಾಗಿ ಸುಡುತ್ತಾ ಹೋಗಿ, ಕೊನೆಗೆ ೨೫,೦೦೦ ಡುಕಾಟ್ ನಾಣ್ಯಗಳ ಪರಿಹಾರ ಪಡೆದು ಹೊರಟನು. ಪ್ರಧಾನಾಲಯವನ್ನೇ ಅವನು ತನ್ನ ಠಾಣ್ಯವನ್ನಾಗಿ ಮಾಡಿಕೊಂಡಿದ್ದನಂತೆ. ಕೊಲಂಬಸನ ಎಲುಬುಗಳೂ ಈ ಆಲಯದಲ್ಲಿ ಇಡಲ್ಪಟ್ಟಿದ್ದವು. ೧೭೯೫ರಲ್ಲಿ ಅವನ್ನು ಹವಾನಕ್ಕೂ ೧೮೯೮ರಲ್ಲಿ ಸ್ಪೇನಿನ ಸೆವಿಲ್ಲಕ್ಕೂ ಒಯ್ದರೆಂದು ಸ್ಪೇನಿನವರು ಹೇಳುತ್ತಾರೆ. ಆದರೆ ೧೮೭೭ರಲ್ಲಿ ಇಲ್ಲಿಯೇ ಅವನ ಹೆಸರುಳ್ಳ ಸೀಸದ ಪೆಟ್ಟಿಗೆಯೊಂದು ದೊರೆಯಿತು. ೧೯೯೨ರಲ್ಲಿ ಅದನ್ನು ನದಿಯಾಚೆಯ ಹೊಸ ಸ್ಮಾರಕಕ್ಕೆ ಸಾಗಿಸಿದರು. ಹೀಗೆ ಎರಡು ದೇಶಗಳು ಒಬ್ಬನ ಎಲುಬುಗಳಿಗಾಗಿ ವಾದಿಸಿವೆ. ಅವನೊಡನೆ ಆರಂಭವಾದ ಯುಗದಲ್ಲಿ ಸತ್ತ ಸಾವಿರಾರು ತೈನೋ ಜನರ ಎಲುಬುಗಳಿಗಾಗಿ ವಾದಿಸಿದವರು ಯಾರು? ಆಲಯದ ಮುಂದಿನ ಚೌಕದಲ್ಲಿರುವ ಕೊಲಂಬಸನ ಪ್ರತಿಮೆಯ ಪಾದದಡಿಯಲ್ಲಿ ಸ್ತ್ರೀಯೊಬ್ಬಳ ಮೂರ್ತಿಯಿದೆ. ಅವಳೇ ಅನಕಾವೋನ ಎಂದು ಜನ ಹೇಳುತ್ತಾರೆ.

ಆಗಮನ ಕಾಲದ ಆ ಭಾನುವಾರ

ಪ್ರಧಾನಾಲಯದಿಂದ ದಕ್ಷಿಣಕ್ಕೆ ಸ್ವಲ್ಪವೇ ನಡೆದರೆ ಡೊಮಿನಿಕನ್ ಸಂನ್ಯಾಸಿಗಳ ಆಲಯವೂ ಮಠವೂ ಸಿಗುತ್ತವೆ. ಈ ಮಠದಲ್ಲಿದ್ದ ವಿದ್ಯಾಪೀಠವನ್ನು ೧೫೩೮ರಲ್ಲಿ ಮೂರನೆಯ ಪೌಲರು ಸಂತ ತೋಮಸ್ ಅಕ್ವಿನಾಸರ ಹೆಸರಿನ ವಿಶ್ವವಿದ್ಯಾನಿಲಯವನ್ನಾಗಿ ಮಾಡಿದರು. ಇಂದಿನ ಸಾಂತೋ ದೊಮಿಂಗೊ ವಿಶ್ವವಿದ್ಯಾನಿಲಯವು ತನ್ನ ಮೂಲವನ್ನು ಇಲ್ಲಿಯೇ ಗುರುತಿಸುತ್ತದೆ. ಆದರೆ ನಾವು ವಾಚಕರನ್ನು ಇಷ್ಟು ದೂರ ಕರೆತಂದದ್ದು ಈ ಕಟ್ಟಡಗಳು ಏಳುವುದಕ್ಕೂ ಮೊದಲು ನಡೆದ ಒಂದು ಘಟನೆಗಾಗಿ.

ಡೊಮಿನಿಕನ್ ಸಂನ್ಯಾಸಿಗಳ ಮೊದಲ ಚಿಕ್ಕ ತಂಡವು ಈ ದ್ವೀಪಕ್ಕೆ ಬಂದದ್ದು ೧೫೧೦ರಲ್ಲಿ. ಅವರ ಹಿರಿಯರು ಸ್ವಾಮಿ ಪೆದ್ರೊ ದೆ ಕೊರ್ದೊಬ, ಮೂವತ್ತು ವರ್ಷವನ್ನೂ ದಾಟದ ತರುಣರು. ಅವರಿಗೆ ಸ್ವಂತ ಮಠವಿರಲಿಲ್ಲ. ಊರಿನ ಒಬ್ಬ ಗೃಹಸ್ಥನು ತನ್ನ ಹಿತ್ತಲಿನಲ್ಲಿ ಕೊಟ್ಟ ಗುಡಿಸಲಿನಲ್ಲಿ ಅವರ ವಾಸ. ಒಂದು ವರ್ಷ ಅವರು ನೋಡಿದರು, ಕೇಳಿದರು, ಪ್ರಾರ್ಥಿಸಿದರು. ಬಳಿಕ ಎಲ್ಲರೂ ಕೂಡಿ ಆಲೋಚಿಸಿ ಒಂದು ಪ್ರಸಂಗವನ್ನು ಬರೆದು, ಅದಕ್ಕೆ ಎಲ್ಲರೂ ಸಹಿ ಹಾಕಿದರು. ಅದನ್ನು ಹೇಳುವ ಹೊಣೆಯನ್ನು ಸ್ವಾಮಿ ಆಂತೋನಿಯೊ ದೆ ಮೋಂತೆಸಿನೋಸರಿಗೆ ಒಪ್ಪಿಸಿದರು. ರಾಜ್ಯಪಾಲ ದಿಯೇಗೊನನ್ನೂ ಅಧಿಕಾರಿಗಳನ್ನೂ ತಾವೇ ಹೋಗಿ ಆಹ್ವಾನಿಸಿದರು.

೧೫೧೧ರ ಡಿಸೆಂಬರ್, ಆಗಮನ ಕಾಲದ ನಾಲ್ಕನೆಯ ಭಾನುವಾರ. ಇಂದಿನ ಕಲ್ಲಿನ ಪ್ರಧಾನಾಲಯ ಆಗಿನ್ನೂ ಎದ್ದಿರಲಿಲ್ಲ. ಸ್ನಾನಿಕ ಯೊವಾನ್ನರು ಮರುಭೂಮಿಯಲ್ಲಿ ಕೂಗುವ ಧ್ವನಿಯೆಂದು ತಮ್ಮನ್ನು ಕುರಿತು ನುಡಿದ ಶುಭಸಂದೇಶದ ಭಾಗವನ್ನು ಮೋಂತೆಸಿನೋಸರು ಆಧಾರವಾಗಿ ತೆಗೆದುಕೊಂಡರು. ಈ ದ್ವೀಪವೆಂಬ ಮರುಭೂಮಿಯಲ್ಲಿ ಕ್ರಿಸ್ತರ ಧ್ವನಿಯಾಗಿ ತಾವು ನಿಂತಿರುವುದಾಗಿ ಹೇಳಿದರು. ಯಾವ ಹಕ್ಕಿನಿಂದ, ಯಾವ ನ್ಯಾಯದಿಂದ ಈ ಜನರನ್ನು ದಾಸ್ಯದಲ್ಲಿಟ್ಟಿದ್ದೀರಿ ಎಂದು ಕೇಳಿದರು. ಅನ್ನ ಕೊಡದೆ, ಕಾಯಿಲೆಗೆ ಮದ್ದು ಕೊಡದೆ ಚಿನ್ನಕ್ಕಾಗಿ ಅವರನ್ನು ಸಾಯಿಸುತ್ತಿರುವುದನ್ನು ಎತ್ತಿ ಆಡಿದರು. ಇವರು ಮನುಷ್ಯರಲ್ಲವೇ, ಇವರಿಗೆ ಬುದ್ಧಿಯುಳ್ಳ ಆತ್ಮವಿಲ್ಲವೇ, ನಿಮ್ಮಂತೆಯೇ ಇವರನ್ನು ಪ್ರೀತಿಸಲು ನೀವು ಬದ್ಧರಲ್ಲವೇ ಎಂದು ಪ್ರಶ್ನಿಸಿದರು. ಈ ಸ್ಥಿತಿಯಲ್ಲಿ ನಿಮಗೆ ರಕ್ಷಣೆಯಿಲ್ಲವೆಂದು ಮುಖಕ್ಕೆ ಮುಖ ಕೊಟ್ಟು ಸಾರಿದರು.

ಊರಿನಲ್ಲಿ ಕೋಲಾಹಲವೆದ್ದಿತು. ಅಧಿಕಾರಿಗಳು ಗುಂಪುಗೂಡಿ ಸಂನ್ಯಾಸಿಗಳ ಗುಡಿಸಲಿಗೆ ನುಗ್ಗಿ, ಆ ಸ್ವಾಮಿಯನ್ನು ಕರೆಯಿರಿ, ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿ ಎಂದರು. ಸ್ವಾಮಿ ಪೆದ್ರೊ ಶಾಂತವಾಗಿ, ಅದು ಒಬ್ಬರ ಮಾತಲ್ಲ, ನಮ್ಮೆಲ್ಲರ ಮಾತು ಎಂದು ಉತ್ತರಕೊಟ್ಟರು. ಮುಂದಿನ ಭಾನುವಾರ ತಪ್ಪೊಪ್ಪಿಗೆಯನ್ನು ಕೇಳಲೆಂದು ಊರೆಲ್ಲ ನೆರೆಯಿತು. ಮೋಂತೆಸಿನೋಸರು ಹಿಂದಿನದಕ್ಕಿಂತ ಬಲವಾಗಿ ಅದೇ ಮಾತನ್ನು ಸ್ಥಾಪಿಸಿದರು. ಈ ಜನರನ್ನು ಹಿಡಿದಿಟ್ಟುಕೊಂಡವರಿಗೆ ದಾರಿಗಳ್ಳರಿಗೆ ಹೇಗೋ ಹಾಗೆಯೇ ಪಾಪಕ್ಷಮೆ ಕೊಡಲಾರೆವು, ಬೇಕಾದವರಿಗೆ ದೂರು ಬರೆಯಿರಿ ಎಂದು ಮುಗಿಸಿದರು.

ದೂರು ಹೋಯಿತು. ಅರಸ ಫರ್ದಿನಾಂದನು ಸಿಟ್ಟುಗೊಂಡನು. ಸ್ಪೇನಿನಲ್ಲಿದ್ದ ಅವರದೇ ಸಂನ್ಯಾಸ ಸಭೆಯ ಹಿರಿಯರೂ ಅವರನ್ನು ಗದರಿಸಿ ಬರೆದರು. ವಿಷಾದದ ಸಂಗತಿಯೆಂದರೆ, ವಸಾಹತುಗಾರರ ಪಕ್ಷವನ್ನು ವಹಿಸಿ ಅರಸನ ಬಳಿಗೆ ಹೋದವರೂ ಒಬ್ಬ ಸಂನ್ಯಾಸಿಯೇ. ಮೋಂತೆಸಿನೋಸರು ತಾವೇ ಸಮುದ್ರ ದಾಟಿ ಹೋಗಿ ಅರಸನಿಗೆ ನಿಜಸ್ಥಿತಿಯನ್ನು ವಿವರಿಸಿದರು. ೧೫೧೨ರ ಡಿಸೆಂಬರ್ ೨೭ರಂದು ಬುರ್ಗೋಸ್ ಪಟ್ಟಣದಲ್ಲಿ ಕಾನೂನುಗಳು ಹೊರಬಿದ್ದವು. ಉಂಬಳಿಯ ಪದ್ಧತಿ ಅಳಿಯಲಿಲ್ಲ. ಆದರೆ ದುಡಿಮೆಗೂ ವಿಶ್ರಾಂತಿಗೂ ಅನ್ನಕ್ಕೂ ಗರ್ಭಿಣಿಯರ ರಕ್ಷಣೆಗೂ ಮೊದಲ ಬಾರಿಗೆ ಲಿಖಿತ ನಿಯಮಗಳು ಬಂದವು. ಅವು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿದವೆಂಬುದೂ ಸತ್ಯ.

ತಡವಾಗಿ ಮೊಳೆತ ಬೀಜ

ಆ ದ್ವೀಪದಲ್ಲಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಯಾಜಕರೊಬ್ಬರಿದ್ದರು. ೧೫೦೨ರಲ್ಲಿ ಒವಾಂದೊನ ಹಡಗುಗಳಲ್ಲಿ ಬಂದವರು, ತಾವೇ ಆಳುಗಳ ಉಂಬಳಿ ಉಂಡವರು. ಒಬ್ಬ ಡೊಮಿನಿಕನ್ ಗುರುಗಳು ಇದೇ ಕಾರಣಕ್ಕಾಗಿ ಅವರ ಪಾಪನಿವೇದನೆಯನ್ನು ಕೇಳಲು ನಿರಾಕರಿಸಿದ್ದರು. ಆಗ ಅವರು ಬದಲಾಗಲಿಲ್ಲ. ೧೫೧೪ರಲ್ಲಿ, ಕ್ಯೂಬ ದ್ವೀಪದಲ್ಲಿ, ಬಡವರಿಂದ ಕಿತ್ತುಕೊಂಡದ್ದನ್ನು ದೇವರಿಗೆ ಅರ್ಪಿಸುವುದನ್ನು ಖಂಡಿಸುವ ಸಿರಾಖನ ಗ್ರಂಥದ ಮಾತುಗಳನ್ನು ಪ್ರಸಂಗಕ್ಕೆಂದು ಓದುತ್ತಿರುವಾಗ ಅವರ ಕಣ್ಣು ತೆರೆಯಿತು. ತಮ್ಮ ಆಳುಗಳನ್ನು ಬಿಟ್ಟುಕೊಟ್ಟರು. ಕೆಲವು ವರ್ಷಗಳ ಬಳಿಕ ಅದೇ ಡೊಮಿನಿಕನ್ ಸಭೆಯನ್ನು ಸೇರಿದರು. ಮೋಂತೆಸಿನೋಸರ ಪ್ರಸಂಗ ಇಂದು ನಮಗೆ ತಿಳಿದಿರುವುದು ಈ ಲಾಸ್ ಕಾಸಾಸರು ತಮ್ಮ ಇತಿಹಾಸದಲ್ಲಿ ಬರೆದಿಟ್ಟದ್ದರಿಂದಲೇ. ೧೫೩೭ರಲ್ಲಿ ಮೂರನೆಯ ಪೌಲರು, ಆ ಜನರು ನಿಜವಾದ ಮನುಷ್ಯರು, ಅವರ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಯಾರೂ ಕಸಿಯಬಾರದು ಎಂದು ಘೋಷಿಸಿದರು. ೧೫೪೨ರಲ್ಲಿ ಸ್ಪೇನಿನ ಅರಸನು ಅವರನ್ನು ದಾಸರನ್ನಾಗಿ ಮಾಡಿಕೊಳ್ಳುವುದನ್ನು ನಿಷೇಧಿಸಿದನು.

ಇಲ್ಲಿಗೆ ನಿಲ್ಲಿಸಿದರೆ ನಮಗೆ ಹಿತವಾದೀತು, ಆದರೆ ಇತಿಹಾಸಕ್ಕೆ ಅನ್ಯಾಯವಾದೀತು. ಇಂಡಿಯನ್ನರ ಮೇಲಿನ ಕನಿಕರದಿಂದ ಲಾಸ್ ಕಾಸಾಸರು ಒಂದು ಕಾಲಕ್ಕೆ ಆಫ್ರಿಕದ ದಾಸರನ್ನು ತರಿಸಬಹುದೆಂದು ಸಲಹೆ ಕೊಟ್ಟಿದ್ದರು. ಒಬ್ಬರ ನೊಗವನ್ನು ಇಳಿಸಿ ಇನ್ನೊಬ್ಬರ ಹೆಗಲಿಗೆ ಹಾಕುವ ಸಲಹೆ ಅದು. ವೃದ್ಧಾಪ್ಯದಲ್ಲಿ ಅದಕ್ಕಾಗಿ ಪರಿತಪಿಸಿ, ಇಬ್ಬರ ದಾಸ್ಯವೂ ಸಮಾನವಾದ ಅನ್ಯಾಯವೆಂದು ತಾವೇ ಬರೆದರು. ಅಷ್ಟರಲ್ಲಿ ಕಬ್ಬಿನ ಗಾಣಗಳಿಗೆ ಆಫ್ರಿಕದ ಜನರನ್ನು ತುಂಬಿ ತರುವ ಹಡಗುಗಳು ನಿಲ್ಲದೆ ಬರುತ್ತಿದ್ದವು. ದಿಯೇಗೊನ ಗಾಣದಲ್ಲಿದ್ದ ದಾಸರು ೧೫೨೧ರ ಕ್ರಿಸ್ಮಸ್ ಸಮಯದಲ್ಲಿಯೇ ದಂಗೆಯೆದ್ದಿದ್ದರು. ಒಳ್ಳೆಯವರ ಅಂತಃಕರಣವೂ ತನ್ನ ಕಣ್ಣಿಗೆ ಬಿದ್ದವರನ್ನು ಮಾತ್ರ ನೆರೆಯವರೆಂದು ತಿಳಿಯುವುದುಂಟು ಎಂಬ ಎಚ್ಚರಿಕೆ ಇದರಲ್ಲಿದೆ.

ಇಂದಿನ ದಿನ

ಹಳೆಯ ನಗರದ ದಕ್ಷಿಣಕ್ಕೆ, ಸಮುದ್ರಕ್ಕೆ ಎದುರಾಗಿ, ಮೋಂತೆಸಿನೋಸರ ಬೃಹತ್ ಪ್ರತಿಮೆಯಿದೆ. ಅದು ೧೯೮೨ರಲ್ಲಿ ಸ್ಥಾಪಿತವಾದ ಮೆಕ್ಸಿಕೊ ದೇಶದ ಕೊಡುಗೆ. ಬಾಯಿಯ ಬಳಿ ಕೈಯಿಟ್ಟು ಕಡಲಿನ ಅಬ್ಬರವನ್ನೂ ಮೀರಿ ಕೂಗುತ್ತಿರುವ ಭಂಗಿ ಅದರದು. ಪೋಪ್ ಎರಡನೆಯ ಜಾನ್ ಪೌಲರು ೧೯೭೯, ೧೯೮೪ ಮತ್ತು ೧೯೯೨ರಲ್ಲಿ ಈ ನಗರಕ್ಕೆ ಬಂದರು. ೨೦೧೫ರಲ್ಲಿ ಬೊಲಿವಿಯದಲ್ಲಿ ಪೋಪ್ ಫ್ರಾನ್ಸಿಸರು ಅಮೆರಿಕದ ಮೂಲನಿವಾಸಿಗಳ ಮೇಲೆ ನಡೆದ ಅಪರಾಧಗಳಿಗಾಗಿ ದೀನರಾಗಿ ಕ್ಷಮೆ ಬೇಡಿದರು. ೨೦೨೩ರ ಮಾರ್ಚಿಯಲ್ಲಿ ವ್ಯಾಟಿಕನ್, ಹೊಸದಾಗಿ 'ಕಂಡುಹಿಡಿದ' ನಾಡು ಕಂಡವರ ಸೊತ್ತು ಎಂಬ ಹಳೆಯ ವಾದವನ್ನು ಔಪಚಾರಿಕವಾಗಿ ತಿರಸ್ಕರಿಸಿತು. ಗುಡಿಸಲಿನ ಸಂನ್ಯಾಸಿಗಳು ೧೫೧೧ರಲ್ಲಿ ಎತ್ತಿದ ಪ್ರಶ್ನೆಗೆ ಐದು ಶತಮಾನಗಳ ಬಳಿಕವೂ ಉತ್ತರ ಕೊಡಬೇಕಾಯಿತು. ತೈನೋ ಜನ ಪೂರ್ತಿಯಾಗಿ ಅಳಿದುಹೋದರೆಂದು ಪುಸ್ತಕಗಳು ಬಹುಕಾಲ ಬರೆದವು. ಆದರೆ ಅವರ ರಕ್ತದ ಅಂಶ ಆ ದ್ವೀಪಗಳ ಇಂದಿನ ಜನರಲ್ಲಿ ಹರಿಯುತ್ತಿದೆಯೆಂದು ವಿಜ್ಞಾನಿಗಳು ಈಗ ತೋರಿಸಿದ್ದಾರೆ.

ಪ್ರಿಯ ಭಕ್ತಾದಿಗಳೇ, ನಾವು ನೋಡಿಬಂದ ಆ ನಗರದಲ್ಲಿ ಕೋಟೆಯಿದೆ, ಅರಮನೆಯಿದೆ, ಪ್ರಧಾನಾಲಯವಿದೆ. ಅವೆಲ್ಲವೂ ನೋಡುವವರ ಕಣ್ಣಿಗೆ ಹಬ್ಬ. ಆದರೆ ಅಲ್ಲಿ ಧರ್ಮಸಭೆಯ ಮಾನವನ್ನು ಕಾಪಾಡಿದ ಮಾತು ಹೊರಟದ್ದು ಹಿತ್ತಲಿನ ಗುಡಿಸಲಿನಲ್ಲಿದ್ದವರಿಂದ. ನಮ್ಮ ಆಲಯದ ಶತಮಾನೋತ್ಸವಕ್ಕೆ ನಾವು ಗೋಡೆಗೆ ಬಣ್ಣ ಬಳಿದಿದ್ದೇವೆ, ದೀಪಗಳನ್ನು ಕಟ್ಟಿದ್ದೇವೆ. ಅದು ಸರಿಯೇ. ಅದರೊಡನೆ ಇನ್ನೊಂದು ಲೆಕ್ಕವನ್ನೂ ನೋಡೋಣ. ಈ ನೂರು ವರ್ಷಗಳಲ್ಲಿ ನಮ್ಮ ತೋಟಗಳಲ್ಲಿ, ಮನೆಗಳಲ್ಲಿ, ಅಂಗಡಿಗಳಲ್ಲಿ ದುಡಿದವರಿಗೆ ಅವರ ಕೂಲಿ ನ್ಯಾಯವಾಗಿ ಸಂದಿದೆಯೇ? ದೇವಾಲಯದ ಮುಂದಿನ ಪೀಠಗಳಲ್ಲಿ ಕುಳಿತವರೂ ಹಿಂದೆ ನಿಂತವರೂ ಒಬ್ಬರನ್ನೊಬ್ಬರು ಮನುಷ್ಯರೆಂದು ಕಂಡಿದ್ದಾರೆಯೇ? ಪ್ರಸಂಗಪೀಠದಲ್ಲಿ ನಿಲ್ಲುವ ನಮ್ಮಂಥವರು ಹೇಳಬೇಕಾದುದನ್ನು ಹೇಳಿದ್ದೇವೆಯೇ, ಕೇಳುವ ನೀವು ಕೇಳಬೇಕಾದುದನ್ನು ಕೇಳಿದ್ದೀರಾ? ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಬಲ್ಲ ಧರ್ಮಕೇಂದ್ರವನ್ನು ಎರಡನೆಯ ಶತಮಾನದಲ್ಲಿ ಕಟ್ಟುವ ಕೃಪೆಯನ್ನು ಸರ್ವೇಶ್ವರನು ನಮ್ಮೆಲ್ಲರಿಗೂ ದಯಪಾಲಿಸಲಿ.